ಲಿನಕ್ಸಿಗೆ ಹೋದರೆ ಅಮ್ಮನ ಹಾಡಿನ ಗತಿಯೇನು?

ನಾನು ಕೊಚ್ಚಿಗೆ ಬಂದು ಮೂವತ್ತು ವರ್ಷ ದಾಟಿತು. ಮಲಯಾಳಂ ಮಾತಾಡಿದರೆ ಇಲ್ಲಿಯವನೇ ಅಂದುಕೊಳ್ಳುತ್ತಾರೆ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ವಿಂಡೋಸ್ ಬಿಟ್ಟು ಕದಲಿರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ನನ್ನ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಲಾಗದು. ಹೊಸದು ಕೊಳ್ಳಬೇಕು, ಇಲ್ಲವೇ ಲಿನಕ್ಸಿಗೆ ಹೋಗಬೇಕು. ರಜೆಗೆ ಬಂದಿದ್ದ ಕಾಸರಗೋಡಿನ ನೆಂಟರ ಹುಡುಗಿ, ಕನ್ನಡ ಮಾಧ್ಯಮದವಳು, ನಕ್ಕುಬಿಟ್ಟಳು. “ಮಾವ, ನಮ್ಮ ಶಾಲೆಯಲ್ಲಿ ಇರುವುದೇ ಲಿನಕ್ಸು. ಹೆದರುವುದು ಯಾಕೆ?”

ಅವಳ ಧೈರ್ಯದ ಹಿಂದೆ ದೊಡ್ಡ ಕಥೆಯೇ ಇದೆ. 2001ರ ಜುಲೈ 20ರಂದು ತಿರುವನಂತಪುರದಲ್ಲಿ ರಿಚರ್ಡ್ ಸ್ಟಾಲ್ಮನ್ ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಉದ್ಘಾಟಿಸಿದರು. ಇಲ್ಲಿ ಫ್ರೀ ಅಂದರೆ ಪುಕ್ಕಟೆ ಅಂತಲ್ಲ. ಒಳಗೇನಿದೆ ಎಂದು ನೋಡುವ, ತಿದ್ದುವ, ಹಂಚುವ ಸ್ವಾತಂತ್ರ್ಯ. ಆ ದಿನಗಳಲ್ಲೇ ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಗಿತ್ತು. ಮೊದಮೊದಲು ಪಾಠವೆಲ್ಲ ವಿಂಡೋಸ್ ಮೇಲೆಯೇ. ಸರ್ಕಾರಿ ಶಾಲೆ ಒಂದೇ ಕಂಪನಿಯ ಸರಕನ್ನು ಯಾಕೆ ಕಲಿಸಬೇಕು ಎಂದು ಶಿಕ್ಷಕರೂ ಕಾರ್ಯಕರ್ತರೂ ಕೇಳಿದರು. ಮೇಷ್ಟ್ರುಗಳಿಗೆ ತರಬೇತಿ ಕೊಟ್ಟು, ಹಂತಹಂತವಾಗಿ ಬದಲಾಯಿಸಿ, 2008ರ ಹೊತ್ತಿಗೆ ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯೂ ಲಿನಕ್ಸ್ ಮೇಲೆ ನಡೆಯಿತು. 2017ರಲ್ಲಿ ಈ ಯೋಜನೆಯೇ ಕೈಟ್ ಎಂಬ ಸಂಸ್ಥೆಯಾಯಿತು. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೊಸ ಆವೃತ್ತಿ ತಂದಾಗ, 3000 ಕೋಟಿ ರೂಪಾಯಿ ಉಳಿತಾಯ ಎಂದು ಕೈಟ್ ಲೆಕ್ಕ ಕೊಟ್ಟಿತು. ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ.

ನಮ್ಮಂಥವರ ದಾರಿ ಬೇರೆ. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಇವು ವಿಂಡೋಸ್‌ಗೆ ಮಾಡಿದವು. ಊರು ಬಿಟ್ಟವರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವಂತಾದದ್ದು ಇಂಥವುಗಳಿಂದಲೇ. ಆ ಋಣ ಮರೆಯುವಂತಿಲ್ಲ.

ನನ್ನ ಅಂಜಿಕೆಯೂ ಅಲ್ಲೇ ಇತ್ತು. 2003ರಲ್ಲಿ ಅಮ್ಮ ನಮ್ಮಲ್ಲಿಗೆ ಬಂದಿದ್ದಾಗ ಅವಳು ಹೇಳಿದ ಮದುವೆ ಹಾಡುಗಳನ್ನು ಆಗಿನ ಒಂದು ಕನ್ನಡ ತಂತ್ರಾಂಶದಲ್ಲಿ ಟೈಪಿಸಿಟ್ಟಿದ್ದೆ. ಅಮ್ಮ ಈಗಿಲ್ಲ. ಇರುವುದು ಆ ಫೈಲುಗಳು ಮಾತ್ರ.

ಒಂದು ಭಾನುವಾರ ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿದೆ. ಹೀಗೆ ಮಾಡಿದರೆ ಡಿಸ್ಕಿನಲ್ಲಿರುವ ವಿಂಡೋಸ್ ಹಾಗೇ ಇರುತ್ತದೆ. ಲಿಬ್ರೆ ಆಫೀಸಿನಲ್ಲಿ ಹಾಡು ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಎದೆ ಧಸಕ್ಕೆಂದಿತು. ಹಳೇ ಫಾಂಟ್ ಹಾಕಿದೆ, ಕನ್ನಡ ಬಂತು. ಆಗ ಹೊಳೆಯಿತು ನೋಡಿ, ಇದು ಲಿನಕ್ಸಿನ ತಪ್ಪಲ್ಲ. ಅಂದಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದಿದ್ದರೆ ವಿಂಡೋಸಿನಲ್ಲೂ ಇದೇ ಗತಿ. ಹಾಡಿಗೆ ಬೀಗ ಹಾಕಿದ್ದು ಫಾಂಟು, ನಾನು ಸುಮ್ಮನೆ ಲಿನಕ್ಸಿಗೆ ಹೆದರಿದ್ದೆ.

ವಿಂಡೋಸ್ ತಂತ್ರಾಂಶಗಳಲ್ಲಿ ಕೆಲವನ್ನು ವೈನ್ ಮೂಲಕ ಲಿನಕ್ಸಿನಲ್ಲೂ ಓಡಿಸಬಹುದು, ಎಲ್ಲವೂ ಓಡುವುದಿಲ್ಲ. ಕನ್ನಡ ಬರೆಯಲು ಅದೂ ಬೇಡ, ಐಬಸ್‌ನಲ್ಲಿ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ. ಸದ್ಯಕ್ಕೆ ಎರಡನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದೇನೆ. ಇಂಟರ್ನೆಟ್ ಕೆಲಸವೆಲ್ಲ ಲಿನಕ್ಸಿನಲ್ಲಿ.

ನೀವು ಎಲ್ಲಿಗೆ ಹೋದರೂ ಸರಿ, ಮೊದಲು ಹಳೇ ಫೈಲುಗಳನ್ನು ಯೂನಿಕೋಡಿಗೆ ತನ್ನಿ. ತಂದ ಮೇಲೆ ಸಾಲು ಸಾಲೂ ಓದಿ, ಒತ್ತಕ್ಷರ ಅದಲುಬದಲಾಗುತ್ತವೆ. ನಾನು ಓದುವಾಗ ಒಂದು ಪದದಲ್ಲಿ ಅನುಮಾನ ಬಂತು. ಪರಿವರ್ತನೆಯಲ್ಲಿ ಕೆಟ್ಟಿತೋ, ಅಮ್ಮನೇ ಹಾಗೆ ಹೇಳಿದ್ದಳೋ? ಕೇಳೋಣವೆಂದರೆ ಅವಳಿಲ್ಲ. ಇದ್ದ ಹಾಗೇ ಬಿಟ್ಟಿದ್ದೇನೆ.