ಪರಿಹಾರ

ಚನ್ನಗಿರಿಯಲ್ಲೋ ಜಗಳೂರಲ್ಲೋ 'ಪರಿಹಾರ ಬಂತಾ?' ಎಂದರೆ ಬಹುಮಟ್ಟಿಗೆ ಬೆಳೆ ನಷ್ಟದ ದುಡ್ಡಿನ ಮಾತು. ಜೋಯಿಸರ ಬಾಯಲ್ಲಿ ಅದು ದೋಷಕ್ಕೆ ಮದ್ದು. ಸಂಸ್ಕೃತದ 'ಪರಿ' ಉಪಸರ್ಗಕ್ಕೆ 'ಹೃ' ಧಾತು ಸೇರಿ ಆದ ಪದ. ಮೂಲಾರ್ಥ ತೊಲಗಿಸುವುದು, ಬಿಡುವುದು. ಶಾಸನಗಳ 'ಸರ್ವಬಾಧಾ ಪರಿಹಾರ' ಎಂದರೆ ದತ್ತಿ ಭೂಮಿಗೆ ತೆರಿಗೆ, ಕಿರುಕುಳಗಳಿಂದ ವಿನಾಯಿತಿ. ಅಲ್ಲಿ ದೊರೆ ತನಗೆ ಬರಬೇಕಾದ್ದನ್ನು ಬಿಡುತ್ತಿದ್ದ. ಕೆಲಸದಲ್ಲಿ ಪೆಟ್ಟಾದವರ ಪರಿಹಾರದಲ್ಲಿ ಹಾಗಲ್ಲ, ಮಾಲೀಕ ಕೈಯಿಂದ ಕೊಡಬೇಕು.

ಈ 'ಕೊಡಬೇಕು' 1923ರ ಕಾರ್ಮಿಕರ ಪರಿಹಾರ ಕಾಯ್ದೆಯದು; 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಹೊನ್ನಾಳಿ, ನ್ಯಾಮತಿ ಕಡೆ ಇಎಸ್‌ಐ ವಿಮೆ ಇಲ್ಲದ ರೈಸ್‌ಮಿಲ್ಲೊಂದರ ಬೆಲ್ಟಿಗೆ ಕೈ ಸಿಕ್ಕಿತೆನ್ನಿ. ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ 30 ನಷ್ಟ, ತೋರುಬೆರಳಿಗೆ ಶೇ 14 ಎಂದು ಅನುಸೂಚಿಯೇ ಲೆಕ್ಕ ಕಟ್ಟಿದೆ. (ಓದುವಾಗ ಕಸಿವಿಸಿಯಾಗುವ ಪಟ್ಟಿ ಅದು.) ಮಾಲೀಕನ ತಪ್ಪು ಸಾಬೀತು ಮಾಡಬೇಕಿಲ್ಲ, ಕೆಲಸದ ವೇಳೆ, ಆ ಕೆಲಸದಿಂದಲೇ ಪೆಟ್ಟಾಯಿತೆಂದು ತೋರಿಸಿದರೆ ಸಾಕು. 'ಆಸ್ಪತ್ರೆ ಖರ್ಚು ನೋಡ್ಕೊಂಡಿದೀನಲ್ಲಪ್ಪ, ಇನ್ನೇನು?' ಎನ್ನುವ ಧಣಿಗಳುಂಟು. ಚಿಕಿತ್ಸೆಯ ಖರ್ಚು ಬೇರೆ, ಪರಿಹಾರ ಬೇರೆ. 'ಕುಡಿದಿದ್ದ' ಎಂಬ ತಕರಾರು ಉಳಿದ ಗಾಯಗಳಿಗೆ ನಡೆದೀತು. ಸಾವಿಗೂ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೂ ನಡೆಯದು.