ದನಗಾಹಿಯ ಹಾಡಿನಲ್ಲಿ ಸೈನಿಕನ ಡೋಲು

ಅಮೆರಿಕದ ಕೌಬಾಯ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸಿನಿಮಾದ ಕುದುರೆ, ಪಿಸ್ತೂಲು, ಅಗಲಂಚಿನ ಟೋಪಿ. ನಿಜದಲ್ಲಿ ಅವನು ಕೂಲಿಯ ದನಗಾಹಿ. 1865ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಸುಮಾರು ಎರಡು ದಶಕಗಳ ಕಾಲ ಟೆಕ್ಸಾಸಿನ ದನಗಳನ್ನು ಕ್ಯಾನ್ಸಾಸಿನ ರೈಲುನಿಲ್ದಾಣಗಳವರೆಗೆ ನೂರಾರು ಮೈಲಿ ಹೊಡೆದುಕೊಂಡು ಹೋದವನು. ರಾತ್ರಿ ಮಂದೆ ಬೆದರದಿರಲೆಂದು ಅದನ್ನು ಸುತ್ತುತ್ತ ಮೆಲ್ಲನೆ ಹಾಡಿದವನು. ಇಂಥವರ ಹಾಡುಗಳನ್ನು 1908ರಲ್ಲಿ ಜ್ಯಾಕ್ ಥಾರ್ಪ್, 1910ರಲ್ಲಿ ಜಾನ್ ಲೋಮ್ಯಾಕ್ಸ್ ಅಚ್ಚಿಗೆ ತಂದರು. ‘ಲರೇಡೋದ ಬೀದಿಗಳು’ ಎಂದು ಹೆಸರಾದ ಲಾವಣಿಯೊಂದನ್ನು ಇಂದು ಬಿಚ್ಚಿ ನೋಡೋಣ.

ಕಥೆ ಚಿಕ್ಕದು. ಗಡಿಯೂರಾದ ಲರೇಡೋದಲ್ಲಿ ನಿರೂಪಕನಿಗೆ ಬಿಳಿಯ ಬಟ್ಟೆ ಸುತ್ತಿಕೊಂಡ ತರುಣನೊಬ್ಬ ಕಾಣುತ್ತಾನೆ. ಎದೆಗೆ ಗುಂಡು ತಗುಲಿದೆ. ತನ್ನ ಶವಯಾತ್ರೆ ಹೇಗೆ ನಡೆಯಬೇಕೆಂದು ಹೇಳಿ ಅವನು ಪ್ರಾಣ ಬಿಡುತ್ತಾನೆ.

ಪದ್ಯಕ್ಕೆ ನಾಲ್ಕು ಸಾಲು, ಸಾಲಿಗೆ ನಾಲ್ಕು ಒತ್ತು, ಒತ್ತು ಒತ್ತುಗಳ ನಡುವೆ ಸಾಮಾನ್ಯವಾಗಿ ಎರಡು ಹಗುರ ಅಕ್ಷರ. ಉತ್ಸಾಹ ರಗಳೆಯ ಮೂರು ಮಾತ್ರೆಯ ನಡೆ ನಮಗೆ ನೆನಪಾದರೆ ತಪ್ಪಲ್ಲ. ಆದರೆ ನಮ್ಮ ಅಳತೆ ಕಾಲದ್ದು, ಅವರದು ಒತ್ತಿನದು. ಪ್ರಾಸವಿರುವುದು ಎರಡನೆಯ ಮತ್ತು ನಾಲ್ಕನೆಯ ಸಾಲುಗಳ ಕೊನೆಯಲ್ಲಿ ಮಾತ್ರ. ಆದಿಪ್ರಾಸದ ಬಿಗಿಯಲ್ಲಿ ಬೆಳೆದ ಕಿವಿಗೆ ಇದು ಬಡಪ್ರಾಸ. ಅದರ ಪರವಾಗಿ ನಾನು ವಾದಿಸಲಾರೆ.

ಲಾವಣಿಯ ಬಲವಿರುವುದು ಪುನರುಕ್ತಿಯಲ್ಲಿ. ಡೋಲು ಕೊಳಲುಗಳೊಡನೆ ತನ್ನನ್ನು ಒಯ್ಯಬೇಕೆಂಬ ಕೋರಿಕೆ ಪಲ್ಲವಿಯಾಗಿ ಬರುತ್ತದೆ. ಲೋಮ್ಯಾಕ್ಸ್ ಕೊಟ್ಟ ಪಾಠದ ಕೊನೆಯ ಪದ್ಯದಲ್ಲಿ ಅದೇ ಮಾತು, ಅದೇ ಲಯ, ಬದಲಾಗುವುದು ವ್ಯಾಕರಣ. ವಿಧಿರೂಪದ ಕ್ರಿಯಾಪದ ಭೂತಕಾಲವಾಗುತ್ತದೆ. ಸಾಯುವವನ ‘ನಾನು’ ಹೋಗಿ, ಹೊತ್ತವರ ‘ನಾವು’ ಬರುತ್ತದೆ. ತಪ್ಪು ಮಾಡಿದೆನೆಂದು ಅವನೇ ಒಪ್ಪಿಕೊಂಡಿದ್ದ. ಆದರೂ ಪ್ರೀತಿಸಿದೆವೆಂದು ಗೆಳೆಯರು ಉತ್ತರಿಸುತ್ತಾರೆ. ಒಂದು ಪ್ರತ್ಯಯದಲ್ಲಿ ಸಾವು ಸಂಭವಿಸಿಬಿಟ್ಟಿದೆ!

ಆದರೆ ದನಗಾಹಿಯ ಹೆಣದ ಮುಂದೆ ಸೇನೆಯ ಡೋಲು, ಕೊಳಲು ಏಕೆ? ಉತ್ತರ ಬ್ರಿಟನ್ನಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಬಿಡಿಹಾಳೆಗಳಲ್ಲಿ ಅಚ್ಚಾಗಿ ಮಾರಾಟವಾದ ‘ದುರದೃಷ್ಟದ ಹುಡುಗ’ ಎಂಬ ಹಾಡಿನ ನಾಯಕ ಲೈಂಗಿಕ ರೋಗದಿಂದ ಸಾಯುತ್ತಿರುವವನು. ಸಕಾಲದಲ್ಲಿ ತಿಳಿದಿದ್ದರೆ ಪಾದರಸದ ಔಷಧಿಯನ್ನಾದರೂ ಪಡೆಯುತ್ತಿದ್ದೆನೆಂದು ಹಲುಬುತ್ತಾನೆ. ಸೈನಿಕ ಮರ್ಯಾದೆಯ ಶವಯಾತ್ರೆ ಬೇಡುತ್ತಾನೆ. ಕಡಲು ದಾಟಿದ ಹಾಡಿನಲ್ಲಿ ರೋಗ ಗುಂಡಾಯಿತು, ಆಸ್ಪತ್ರೆಯ ಬಾಗಿಲು ಬೀದಿಯಾಯಿತು. ಡೋಲು ಮಾತ್ರ ಹೋಗಲಿಲ್ಲ.

ಕಾರಣ ಛಂದಸ್ಸಿನಲ್ಲಿದೆಯೆಂದು ನನ್ನ ಎಣಿಕೆ. ಊರಿನ ಹೆಸರು ಬರುವುದು ಮೊದಲ ಸಾಲಿನ ಕೊನೆಯಲ್ಲಿ. ಅಲ್ಲಿ ಪ್ರಾಸದ ಹೊಣೆಯಿಲ್ಲ. ಆದ್ದರಿಂದ ಕೆಲವು ಪಾಠಗಳಲ್ಲಿ ಲರೇಡೋದ ಜಾಗದಲ್ಲಿ ಟಾಮ್ ಶರ್ಮನ್ನನ ಪಾನಗೃಹ ಸಲೀಸಾಗಿ ಕೂತಿದೆ. ಡೋಲು ಕೊಳಲಿನ ಸಾಲಿನಲ್ಲಾದರೋ ಎರಡು ಕ್ರಿಯಾವಿಶೇಷಣಗಳು ಒಳಪ್ರಾಸದಿಂದ ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಸಾಲೇ ಕುಸಿಯುತ್ತದೆ. ಹಾಡುವವನಿಗೆ ಅರ್ಥ ಅಸಂಗತವಾದರೂ ನಾಲಿಗೆ ಬಿಡಲಿಲ್ಲ.

ಇದೇ ವಂಶದ್ದೆಂದು ಹಲವರು ಎಣಿಸುವ ‘ಸೇಂಟ್ ಜೇಮ್ಸ್ ಇನ್ಫರ್ಮರಿ’ಯನ್ನು 1928ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಧ್ವನಿಮುದ್ರಿಸಿದರು. ಅಲ್ಲಿ ಮೂರರ ನಡೆ ಹೋಗಿ ನಾಲ್ಕರ ನಡೆ ಬಂದಿದೆ, ಡೋಲು ಕೊಳಲಿನ ಆ ಸಾಲೂ ಇಲ್ಲ. ತನ್ನ ಹೆಣವನ್ನು ಹೇಗೆ ಸಿಂಗರಿಸಬೇಕೆಂಬ ಅಪ್ಪಣೆ ಉಳಿದಿದೆ.