ಬಟಾಣಿ ಮೊಳೆಯಿತು, ಬೆಂಕಿಕಡ್ಡಿ ಕುಣಿಯಿತು



ಖಾನಾಪುರ ತಾಲ್ಲೂಕಿನ ಕಣಕುಂಬಿ ಮಲಪ್ರಭೆ ಹುಟ್ಟುವ ಊರು. ಮಳೆಗಾಲದಲ್ಲಿ ಅಲ್ಲಿನ ಮನೆಯೊಂದರ ಜಗುಲಿಯ ಮೇಲೆ ಮಣ್ಣಿನ ಬೊಂಬೆಯೊಂದನ್ನಿಟ್ಟು ನೋಡಿ. ಈಗ ಬಿಸಿಲು, ಮರುಗಳಿಗೆ ಮಂಜು, ಅದರ ಬೆನ್ನಿಗೇ ಮಳೆ. ಬೊಂಬೆ ಕದಲುವುದಿಲ್ಲ, ಅದರ ಮೇಲಿನ ಬೆಳಕು ಮಾತ್ರ ಬದಲಾಗುತ್ತಲೇ ಇರುತ್ತದೆ. ಇಂಥ ಬೊಂಬೆಯನ್ನು ಪರದೆಯ ಮೇಲೆ ನಡೆಸಬೇಕಾದರೆ ಕಿಟಕಿ ಮುಚ್ಚಿದ ಸ್ಟುಡಿಯೋ ಏಕೆ ಬೇಕೆಂಬುದು ಅಲ್ಲಿಯೇ ಅರ್ಥವಾಗುತ್ತದೆ.

ಬೊಂಬೆಯ ಕೈಯನ್ನು ತುಸುವೇ ಸರಿಸಿ ಒಂದು ಚಿತ್ರ. ಮತ್ತೆ ತುಸು ಸರಿಸಿ ಇನ್ನೊಂದು. ಇದೇ ಸ್ಟಾಪ್ ಮೋಷನ್. ನಮ್ಮ ಟೆಲಿವಿಷನ್ನಿನಲ್ಲಿ ಸೆಕೆಂಡಿಗೆ 25 ಚಿತ್ರಗಳು, ಅಂದರೆ ನಿಮಿಷಕ್ಕೆ 1,500. ಒಂದೊಂದು ಭಂಗಿಯನ್ನು ಎರಡೆರಡು ಸಲ ಸೆರೆಹಿಡಿದರೂ 750 ಭಂಗಿಗಳು ಬೇಕು.

ಭಾರತದಲ್ಲಿ ಈ ತಾಳ್ಮೆಗೆ ಒಂದು ಹಿರಿಯ ಚರಿತ್ರೆಯಿದೆ. ಮಲಪ್ರಭೆಯಂತೆಯೇ ಗೋದಾವರಿಯೂ ಸಹ್ಯಾದ್ರಿಯ ಮಗಳು. ಆಕೆಯ ಉಗಮಸ್ಥಾನವಾದ ತ್ರ್ಯಂಬಕದಲ್ಲಿ 1870ರಲ್ಲಿ ಹುಟ್ಟಿದವರು ದಾದಾಸಾಹೇಬ ಫಾಲ್ಕೆ. 1912ರಲ್ಲಿ ಅವರು ಲಂಡನ್ನಿಗೆ ಹೋಗಿ ವಿಲಿಯಮ್ಸನ್ ಕ್ಯಾಮೆರಾ ಕೊಂಡರು. ಆದರೆ ಚಿತ್ರ ತೆಗೆಯಲು ಹಣವೆಲ್ಲಿ? ಸಿನಿಮಾ ನಂಬಿ ಸಾಲ ಕೊಡುವವರಾರು? ಫಾಲ್ಕೆ ವಾದ ಮಾಡುತ್ತ ಕೂರಲಿಲ್ಲ. ಕುಂಡದಲ್ಲಿ ಬಟಾಣಿ ಬಿತ್ತಿದರು. ಎದುರಿಗೆ ಕ್ಯಾಮೆರಾ ನಿಲ್ಲಿಸಿ, ತಿಂಗಳಿಗೂ ಹೆಚ್ಚು ಕಾಲ ಬಿಟ್ಟುಬಿಟ್ಟು ಚಿತ್ರ ತೆಗೆದರು. ಪರದೆಯ ಮೇಲೆ ಸುಮಾರು ಒಂದು ನಿಮಿಷದಲ್ಲಿ ಬೀಜ ಮೊಳೆತು ಗಿಡವಾಯಿತು. ಅದನ್ನು ಕಂಡವರು ಸಾಲ ಕೊಡಲು ಮುಂದೆ ಬಂದರು. 1913ರ ಮೇ 3ರಂದು 'ರಾಜಾ ಹರಿಶ್ಚಂದ್ರ' ಮುಂಬಯಿಯಲ್ಲಿ ತೆರೆಕಂಡಿತು.

ಬಟಾಣಿಗೆ ಜೀವವಿತ್ತು, ಅದು ತಾನಾಗಿ ಬೆಳೆಯಿತು. ಕ್ಯಾಮೆರಾ ಕಾಲವನ್ನು ಕುಗ್ಗಿಸಿತು, ಅಷ್ಟೆ. 1915ರ ಸುಮಾರಿಗೆ ಫಾಲ್ಕೆ ಇನ್ನೊಂದು ಹೆಜ್ಜೆ ಮುಂದಿಟ್ಟು, 'ಆಗಕಾಡ್ಯಾಂಚೀ ಮೌಜ್' ಎಂಬ ಕಿರುಚಿತ್ರದಲ್ಲಿ ಬೆಂಕಿಕಡ್ಡಿಗಳನ್ನು ಕುಣಿಸಿದರು. ಕಡ್ಡಿಗೆ ಜೀವವಿಲ್ಲ. ಒಂದು ಚಿತ್ರಕ್ಕೂ ಮತ್ತೊಂದಕ್ಕೂ ನಡುವೆ ಕೈಯೊಂದು ಬಂದು ಅದನ್ನು ಸರಿಸಿ ಹೋಗಿರುತ್ತದೆ. ಆ ಕೈ ನಮಗೆ ಕಾಣುವುದಿಲ್ಲ. ಕುಣಿತ ಮಾತ್ರ ಕಾಣುತ್ತದೆ.

ನಾನೂ ಒಮ್ಮೆ ಮಕ್ಕಳ ಕಾರ್ಯಕ್ರಮಕ್ಕಾಗಿ ಮಣ್ಣಿನ ಬೊಂಬೆಯನ್ನು ನಡೆಸಲು ಹೊರಟೆ. ಖಾನಾಪುರ ಕುಂಬಾರಿಕೆಗೆ ಹೆಸರಾದ ಊರಲ್ಲವೇ ಎಂದು ಅಲ್ಲಿಂದಲೇ ಮಣ್ಣು ತರಿಸಿದೆ. ದೀಪಗಳ ಶಾಖಕ್ಕೆ ನೀರಾರಿ ಬೊಂಬೆಯ ಮೊಣಕಾಲು ಬಿರುಕು ಬಿಟ್ಟಿತು. ಎಣ್ಣೆ, ಮೇಣ ಬೆರೆತ ಮಣ್ಣು ತಂದು ಮತ್ತೆ ತೊಡಗಿದೆವು. ಮಧ್ಯಾಹ್ನ ಒಂದು ಬಲ್ಬು ಸುಟ್ಟುಹೋಯಿತು. ಬೇರೆ ಹಾಕಿ ಮುಂದುವರಿಸಿದೆ. ಸಂಜೆ ಪರದೆಯಲ್ಲಿ ನೋಡಿದರೆ ಬೊಂಬೆ ನಡುದಾರಿಯಲ್ಲಿ ಥಟ್ಟನೆ ಬೆಳ್ಳಗಾಗಿತ್ತು! ವಿಜ್ಞಾನ ಓದಿದವನು ನಾನು. ಪ್ರಯೋಗದ ನಡುವೆ ಪರಿಸ್ಥಿತಿಯನ್ನು ಬದಲಿಸಬಾರದೆಂಬ ಮೊದಲ ಪಾಠವನ್ನೇ ಮರೆತಿದ್ದೆ. ದಿನದ ಕೆಲಸವೆಲ್ಲ ವ್ಯರ್ಥ.

ಇಂದು ನಿಮ್ಮ ಮನೆಯ ಮೊಬೈಲೇ ಕ್ಯಾಮೆರಾ. ಅದು ಅಲುಗದಂತೆ ಇಟ್ಟಿಗೆಗಳ ನಡುವೆ ನಿಲ್ಲಿಸಿ, ಕಿಟಕಿ ಮುಚ್ಚಿ, ಒಂದೇ ದೀಪ ಹಚ್ಚಿ. ಹತ್ತು ಬೆಂಕಿಕಡ್ಡಿ ಸಾಕು. ಸರಿಸಿ, ಕೈ ಹಿಂದಕ್ಕೆಳೆದುಕೊಳ್ಳಿ, ಚಿತ್ರ ತೆಗೆಯಿರಿ. ಫಾಲ್ಕೆಯವರು ಮಾಡಿದ್ದೂ ಇದನ್ನೇ.